ಎಂಜಿಬಿಗೆ ಮಾಜ್ದಾ 1.8 ಇಂಜಿನ್ ಕೂರಿಸಿದ ಮೇಲೆ 80ರ ವೇಗದಲ್ಲಿ ನಡುಕ

ಹಳೇಗಾಡಿ:
ನಮಸ್ಕಾರ. ಗಾಡಿ 1972ರ ಎಂಜಿಬಿ ರೋಡ್‌ಸ್ಟರ್, ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಅದರ 1798 ಸಿಸಿ ಇಂಜಿನ್ ಇಳಿಸಿ, ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5ರ 1.8 ಟ್ವಿನ್‌ಕ್ಯಾಮ್ ಇಂಜಿನ್ನನ್ನು ಅದರದೇ ಗೇರ್‌ಬಾಕ್ಸ್ ಸಮೇತ ಮನೆಯಲ್ಲೇ ಕೂರಿಸಿದ್ದೇನೆ. ಹಿಂದಿನ ಆಕ್ಸಲ್ ಎಂಜಿಬಿಯದ್ದೇ. ಸ್ಟಾರ್ಟಿಂಗ್, ಐಡ್ಲಿಂಗ್, ಟೆಂಪರೇಚರ್ ಎಲ್ಲ ಸರಿ. ಆದರೆ 75 ದಾಟಿದರೆ ಒಂದು ನಡುಕ ಶುರುವಾಗುತ್ತದೆ. 80ರಲ್ಲಿ ಸೀಟಿನ ಕೆಳಗೆಲ್ಲ ಗುಂಯ್ ಅನ್ನುತ್ತದೆ. ಚಕ್ರಗಳ ಬ್ಯಾಲೆನ್ಸ್ ಆಗಿದೆ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೊಸದು. ಇಂಜಿನ್ ಮೌಂಟಿನ ರಬ್ಬರ್ ಜಾಸ್ತಿ ಗಟ್ಟಿಯಾಯ್ತಾ?

ಇನ್ನೊಂದು ಸಣ್ಣ ವಿಷಯ. ಪೆಟ್ರೋಲ್ ಕಾಲು ಟ್ಯಾಂಕಿಗಿಂತ ಕಮ್ಮಿ ಇದ್ದಾಗ ಉದ್ದ ತಿರುವಿನಲ್ಲಿ ಇಂಜಿನ್ ಮುಗ್ಗರಿಸುತ್ತದೆ.

ರಬ್ಬರ್‌ಬುಷ್:
ಮೌಂಟೇ ಇರಬೇಕು. ಮೆತ್ತಗಿನ ರಬ್ಬರ್ ಹಾಕಿ ನೋಡಿ.

ಗ್ರೀಸ್‌ಕೈ:
ಈಗಲೇ ಮೌಂಟಿಗೆ ದುಡ್ಡು ಹಾಕಬೇಡಿ. ಮೊದಲು ನಡುಕ ಯಾರದ್ದು ಅಂತ ಗೊತ್ತಾಗಲಿ. 80ರಲ್ಲಿ ನಾಲ್ಕನೇ ಗೇರಿನಲ್ಲಿ ಹೋಗಿ, ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಹೋಗಿ, ಆಮೇಲೆ ಖಾಲಿ ರಸ್ತೆಯಲ್ಲಿ ನ್ಯೂಟ್ರಲ್ ಮಾಡಿ. ಮೂರರಲ್ಲೂ ನಡುಕ 80ಕ್ಕೇ ಬಂದರೆ ಇಂಜಿನ್ ನಿರಪರಾಧಿ. ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ನಡುಕದ ಬಗೆ ಬದಲಾಗುತ್ತದಾ ಅಂತಲೂ ಗಮನಿಸಿ. ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ ಅಷ್ಟಾಗಿ ಬದಲಾಗುವುದಿಲ್ಲ. ಶಾಫ್ಟಿನ ತುದಿಗಳಲ್ಲಿ ಮಡಚುವ ಯೂನಿವರ್ಸಲ್ ಜಾಯಿಂಟಿನ ಕೋನ ತಪ್ಪಿದ್ದರೆ ಸಾಮಾನ್ಯವಾಗಿ ಬದಲಾಗುತ್ತದೆ.

ಫೋನಿನಲ್ಲಿ ಶಬ್ದದ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಇದ್ದರೆ ಇನ್ನೂ ಒಳ್ಳೆಯದು. ನಿಮ್ಮ ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್) 3.909 ಇರಬೇಕು, ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಅಷ್ಟು ಸುತ್ತು; ಚಕ್ರದ ಸುತ್ತಳತೆ 1.9 ಮೀಟರ್ ಅಂದುಕೊಳ್ಳೋಣ. 80ರ ವೇಗದಲ್ಲಿ ಚಕ್ರ ಸೆಕೆಂಡಿಗೆ 11.7 ಸುತ್ತು, ಶಾಫ್ಟ್ ಸುಮಾರು 46 ಸುತ್ತು. ಶಬ್ದ 46 ಹರ್ಟ್ಸ್ ಹತ್ತಿರ ಇದ್ದರೆ ಬ್ಯಾಲೆನ್ಸ್ ಸಮಸ್ಯೆ. ಅದರ ಎರಡರಷ್ಟು, 91 ಹತ್ತಿರ ಇದ್ದರೆ ಯೂನಿವರ್ಸಲ್ ಜಾಯಿಂಟಿನ ಕೋನ. ಯಾಕೆಂದರೆ ಕೋನದಲ್ಲಿ ತಿರುಗುವ ಜಾಯಿಂಟ್ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ಇಳಿಸುತ್ತದೆ.

ಹಳೇಗಾಡಿ:
ಮೂರೂ ಸಲ 80ಕ್ಕೇ ಬಂತು. ಆ್ಯಪಿನಲ್ಲಿ 90ರ ಹತ್ತಿರ ಒಂದು ದೊಡ್ಡ ಏರಿಕೆ. ಕಾಲು ತೆಗೆದಾಗ ಗುಂಯ್ ಸ್ವಲ್ಪ ಕಮ್ಮಿ.

ಗ್ರೀಸ್‌ಕೈ:
ಹಾಗಾದರೆ ಕೋನವೇ. ಗೇರ್‌ಬಾಕ್ಸಿನ ಹಿಂತುದಿಯನ್ನು ಹೇಗೆ ಹಿಡಿದಿಟ್ಟಿದ್ದೀರಿ? ಎಂಎಕ್ಸ್-5ರಲ್ಲಿ ಗೇರ್‌ಬಾಕ್ಸ್‌ಗೆ ಹಿಂದೆ ಮಾಮೂಲಿ ಮೌಂಟೇ ಇಲ್ಲ. ಅಲ್ಲಿಂದ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದದ ಅಲ್ಯುಮಿನಿಯಂ ಚೌಕಟ್ಟು ಹೋಗುತ್ತದೆ, ಅದೇ ಆಧಾರ. ಎಂಜಿಬಿಯಲ್ಲಿ ಅದು ಬರುವುದಿಲ್ಲ. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ (ಕ್ರಾಸ್ ಮೆಂಬರ್) ನಾವೇ ಮಾಡಬೇಕು, ಅಲ್ಲಿ ಎತ್ತರ ಅಂದಾಜಿಗೆ ಬಿದ್ದುಬಿಡುತ್ತದೆ.

ಚಕ್ರಗಳ ಮೇಲೆ ಗಾಡಿಯ ಭಾರ ಇರುವಾಗ, ಸಮ ನೆಲದಲ್ಲಿ ಅಳೆಯಿರಿ. ಆಕ್ಸಲ್ ನೇತಾಡುತ್ತಿದ್ದರೆ ಸಿಗುವ ಲೆಕ್ಕ ಕಸ. ಗೇರ್‌ಬಾಕ್ಸ್, ಶಾಫ್ಟ್, ಪಿನಿಯನ್ (ಶಾಫ್ಟ್ ಹೋಗಿ ಸೇರುವ ಡಿಫರೆನ್ಷಿಯಲ್‌ನ ಗೇರ್) ಮೂರರ ಇಳಿಜಾರೂ ಬೇಕು. ಶಾಫ್ಟಿನ ಎರಡೂ ಯೋಕ್‌ಗಳು (ಜಾಯಿಂಟ್ ಹಿಡಿಯುವ ಕವಲುಗಳು) ಒಂದೇ ಸಾಲಿನಲ್ಲಿವೆಯಾ ಅಂತಲೂ ನೋಡಿ.

ಹಳೇಗಾಡಿ:
ಯೋಕ್ ಸರಿ ಇವೆ. ಮೂರೂ ಹಿಂದಕ್ಕೆ ಇಳಿಜಾರು: ಗೇರ್‌ಬಾಕ್ಸ್ 6 ಡಿಗ್ರಿ, ಶಾಫ್ಟ್ 2, ಪಿನಿಯನ್ 3.

ಗ್ರೀಸ್‌ಕೈ:
ಸಿಕ್ತು ನೋಡಿ. ಮುಂದಿನ ಜಾಯಿಂಟ್ 6ರಿಂದ 2ಕ್ಕೆ, ಅಂದರೆ 4 ಡಿಗ್ರಿ ಮಡಚಿದೆ. ಹಿಂದಿನದು ಬರೀ 1. ಮುಂದಿನದು ಎಬ್ಬಿಸುವ ಏರಿಳಿತವನ್ನು ಹಿಂದಿನದು ತಿರುಗಿಸಿ ಸರಿದೂಗಿಸಬೇಕು. ಅದಕ್ಕೆ ಎರಡೂ ಹೆಚ್ಚುಕಮ್ಮಿ ಸಮ ಇರಬೇಕು, 1 ಡಿಗ್ರಿಗಿಂತ ವ್ಯತ್ಯಾಸ ಬೇಡ. ಹಾಗಂತ ಎರಡೂ ಸೊನ್ನೆ ಆಗಬಾರದು. ಜಾಯಿಂಟಿನೊಳಗಿನ ನೀಡಲ್ ಬೇರಿಂಗ್ ಸ್ವಲ್ಪವಾದರೂ ಅಲುಗಾಡದಿದ್ದರೆ ಒಂದೇ ಜಾಗದಲ್ಲಿ ಕುಳಿ ಬೀಳುತ್ತದೆ.

ಪಿನಿಯನ್ ಮುಟ್ಟಬೇಡಿ. ಲೀಫ್ ಸ್ಪ್ರಿಂಗ್ ಮೇಲೆ ವೆಡ್ಜ್ (ಓರೆ ತುಂಡು) ಇಟ್ಟು ಪಿನಿಯನ್ ಓರೆ ಮಾಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ, ಆದರೆ ನಿಮ್ಮ ತಪ್ಪು ಇರುವುದು ಗೇರ್‌ಬಾಕ್ಸಿನ ಬಾಲದಲ್ಲಿ. ಅದನ್ನು 20 ಮಿ.ಮೀ. ಎತ್ತಿ. ಗೇರ್‌ಬಾಕ್ಸಿನ ಇಳಿಜಾರು ಕಮ್ಮಿಯಾಗುತ್ತದೆ, ಶಾಫ್ಟಿನದು ಜಾಸ್ತಿಯಾಗುತ್ತದೆ, ಎರಡು ಕಡೆಯಿಂದಲೂ ಲಾಭ. ಎತ್ತುವಾಗ ಗಾಡಿಯ ನೆಲದ ನಡುವಿನ ಟನಲ್‌ಗೆ ತಗಲುತ್ತದಾ, ಗೇರ್ ಲಿವರ್ ಆಡುತ್ತದಾ ನೋಡಿಕೊಳ್ಳಿ. ಸ್ಲಿಪ್ ಯೋಕ್ (ಗೇರ್‌ಬಾಕ್ಸಿನೊಳಗೆ ಜಾರುವ ಶಾಫ್ಟಿನ ತುದಿ) ಪೂರ್ತಿ ಒಳಗೆ ಹೋಗಿ ಕೂತಿರಬಾರದು, ಇನ್ನೂ 20 ಮಿ.ಮೀ. ಆದರೂ ಒಳಗೆ ಹೋಗಲು ಜಾಗ ಉಳಿದಿರಲಿ.

ಹಳೇಗಾಡಿ:
ಎತ್ತಿದೆ. ಈಗ 4.7, 3.5, 3. 80 ಬಿಡಿ, 110ರಲ್ಲೂ ಗುಂಯ್ ಇಲ್ಲ. ನಿಂತಲ್ಲಿಂದ ಜೋರಾಗಿ ಎಳೆದಾಗ ಮಾತ್ರ ಒಂದು ಸಣ್ಣ ಕುಲುಕು.

ಗ್ರೀಸ್‌ಕೈ:
ಜೋರಾಗಿ ಎಳೆದಾಗ ಲೀಫ್ ಸ್ಪ್ರಿಂಗ್ ತಿರುಚಿ ಪಿನಿಯನ್ ಮೂತಿ ಮೇಲೇಳುತ್ತದೆ. ಸ್ಪ್ರಿಂಗ್ ಹಳತಾಗಿದ್ದರೆ ಇನ್ನೂ ಜಾಸ್ತಿ. ಯು-ಬೋಲ್ಟ್ ಬಿಗಿ ಇದೆಯಾ, ಬುಷ್ ಸವೆದಿವೆಯಾ ನೋಡಿ.

ಪೆಟ್ರೋಲ್ ವಿಷಯ ಸುಲಭ. ಕಾರ್ಬುರೇಟರ್ ಇದ್ದಾಗ ಅದರ ಬೌಲ್‌ನಲ್ಲಿ ಒಂದಷ್ಟು ಪೆಟ್ರೋಲ್ ನಿಂತಿರುತ್ತಿತ್ತು, ಪಂಪ್ ಒಂದು ಕ್ಷಣ ಗಾಳಿ ಎಳೆದರೂ ಇಂಜಿನ್‌ಗೆ ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್‌ಗೆ ಸುಮಾರು 3 ಬಾರ್ ಒತ್ತಡ ಸತತ ಬೇಕು. ಒಂದು ಲೀಟರಿನ ಸ್ವರ್ಲ್ ಪಾಟ್ (ಸದಾ ಪೆಟ್ರೋಲ್ ತುಂಬಿರುವ ಸಣ್ಣ ಡಬ್ಬಿ) ಹಾಕಿ, ಹಳೆ ಪಂಪ್ ಅದನ್ನು ತುಂಬಲಿ, ಹೈ-ಪ್ರೆಶರ್ ಪಂಪ್ ಅಲ್ಲಿಂದ ಎಳೆಯಲಿ. ರಿಟರ್ನ್ ಪೈಪ್ ಪಾಟಿಗೆ, ಪಾಟ್ ತುಂಬಿ ಮಿಕ್ಕಿದ್ದು ಟ್ಯಾಂಕಿಗೆ. ಹೋಸ್ ಮತ್ತು ಕ್ಲಿಪ್ ಮಾತ್ರ ಇಂಜೆಕ್ಷನ್‌ಗೆಂದೇ ಮಾಡಿದ್ದು ಇರಲಿ, ಕಾರ್ಬುರೇಟರ್ ಕಾಲದ್ದು ಈ ಒತ್ತಡಕ್ಕೆ ಆಗುವುದಿಲ್ಲ.