ಬೇರೆ ಮನೆಯ ಮೊಕದ್ದಮೆಯ ತೀರ್ಪು ನನ್ನ ಪಾಲನ್ನು ಹೇಗೆ ತಡೆಯುತ್ತದೆ?

ಯಲಹಂಕದ ಮಗಳು:

ನಮ್ಮ ತಂದೆ 2001ರಲ್ಲಿ ತೀರಿಕೊಂಡರು. ಯಲಹಂಕದ ಆಚೆ ತಾತನ ಕಾಲದಿಂದ ಬಂದ ಎರಡು ಎಕರೆ ಎಂಟು ಗುಂಟೆ ಜಮೀನಿದೆ. ನನ್ನ ಮದುವೆಯಾದದ್ದು 1991ರಲ್ಲಿ. ಅಣ್ಣ ಫವತಿ ಖಾತೆ ಮಾಡಿಸಿ ಪಹಣಿಯಲ್ಲಿ ತನ್ನೊಬ್ಬನ ಹೆಸರನ್ನೇ ಸೇರಿಸಿಕೊಂಡಿದ್ದಾನೆ. ಪಾಲು ಕೇಳಿ ನೋಟಿಸ್ ಕಳುಹಿಸಿದೆ. ಅವನ ವಕೀಲರ ಉತ್ತರದ ತಿರುಳು ಇಷ್ಟೇ: ತಂದೆ 9-9-2005ಕ್ಕೆ ಮೊದಲೇ ತೀರಿಕೊಂಡಿದ್ದಾರೆ, ಆದ್ದರಿಂದ ಪ್ರಕಾಶ್ ವಿರುದ್ಧ ಫೂಲವತಿ ತೀರ್ಪಿನ ಪ್ರಕಾರ ಮಗಳಿಗೆ ಹಕ್ಕಿಲ್ಲ.

ಕಾನೂನು ಮಾಡುವುದು ಸಂಸತ್ತು ಮತ್ತು ವಿಧಾನಸಭೆ ಎಂದು ಶಾಲೆಯಲ್ಲಿ ಓದಿದವಳು ನಾನು. ಗುರುತು ಪರಿಚಯವಿಲ್ಲದ ಯಾರದೋ ಮನೆಯ ವ್ಯಾಜ್ಯ ನಮ್ಮ ಮನೆಗೆ ಕಾನೂನಾಗುವುದು ಹೇಗೆ? ಅಮ್ಮನಿಗೆ ಎಪ್ಪತ್ತೊಂಬತ್ತು ವರ್ಷ. ಆ ಕಾಗದವನ್ನು ಓದಿ ಹೇಳಿದ ದಿನ ಅವರು ಊಟ ಮಾಡಲಿಲ್ಲ.

ನಿವೃತ್ತ ಬೆಂಚ್ ಕ್ಲರ್ಕ್, ಹನುಮಂತನಗರ:

ತಾಯಿ, ಮೊದಲು ಅಮ್ಮನಿಗೆ ಇದನ್ನು ಹೇಳಿ: ಆ ತೀರ್ಪು ಈಗ ಊರ್ಜಿತದಲ್ಲಿಲ್ಲ.

ಕಾಯ್ದೆ ಬರೆಯುವುದು ಸಂಸತ್ತೇ. ಮಗಳೂ ಮಗನಂತೆ ಹುಟ್ಟಿನಿಂದಲೇ ಪಿತ್ರಾರ್ಜಿತದ ಹಕ್ಕುದಾರಳು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ತಂದರು. ನಿಮ್ಮ ಅಣ್ಣನ ವಕೀಲರು ಹೇಳಿದ 9-9-2005 ಅದು ಜಾರಿಯಾದ ದಿನ. ಅದಕ್ಕೂ ಮೊದಲೇ ತಂದೆ ತೀರಿಕೊಂಡಿದ್ದರೆ ಏನು ಎಂಬುದನ್ನು ಮಾತ್ರ ಬಿಡಿಸಿ ಬರೆಯಲಿಲ್ಲ. ಹಾಗೆ ಬಿಟ್ಟುಹೋದ ಪ್ರಶ್ನೆ ಯಾವುದಾದರೊಂದು ಮನೆಯ ವ್ಯಾಜ್ಯವಾಗಿಯೇ ನ್ಯಾಯಾಲಯದ ಮುಂದೆ ಬರುತ್ತದೆ. ಸುಪ್ರೀಂ ಕೋರ್ಟ್ ಅದಕ್ಕೆ ಕೊಟ್ಟ ಉತ್ತರ, ಸಂವಿಧಾನದ 141ನೇ ವಿಧಿಯ ಪ್ರಕಾರ, ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆ, ಅಂದರೆ ಅವು ಅದನ್ನು ಪಾಲಿಸಲೇಬೇಕು. ಪೂರ್ವನಿರ್ಣಯ ಎನ್ನುವುದು ಇದನ್ನೇ. ಆ ಮನೆಯವರಿಗೆ ಎಷ್ಟು ಗುಂಟೆ ಸಿಕ್ಕಿತು ಎಂಬುದು ನಿಮ್ಮನ್ನು ಕಟ್ಟುವುದಿಲ್ಲ. ಆ ನಿರ್ಣಯಕ್ಕೆ ಆಧಾರವಾದ ಕಾನೂನಿನ ಕಾರಣ ಕಟ್ಟುತ್ತದೆ.

ನಿಮ್ಮ ಪ್ರಶ್ನೆಗೆ ಸುಪ್ರೀಂ ಕೋರ್ಟೇ ಎರಡು ರೀತಿ ಉತ್ತರಿಸಿತ್ತು. 2015ರ ಫೂಲವತಿ ತೀರ್ಪು, ತಿದ್ದುಪಡಿಯ ದಿನ ತಂದೆಯೂ ಮಗಳೂ ಬದುಕಿರಬೇಕು ಎಂದಿತು. 2018ರ ಫೆಬ್ರುವರಿಯಲ್ಲಿ ಬಂದ ದಾನಮ್ಮ ತೀರ್ಪಿನಲ್ಲಿ ತಂದೆ ನಿಮ್ಮ ತಂದೆಯಂತೆ 2001ರಲ್ಲೇ ತೀರಿಕೊಂಡಿದ್ದರು, ಆದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಎರಡೂ ನಮ್ಮ ಕರ್ನಾಟಕದಿಂದ ಹೋದ ಪ್ರಕರಣಗಳು, ಎರಡನ್ನೂ ಕೊಟ್ಟದ್ದು ಇಬ್ಬರು ನ್ಯಾಯಮೂರ್ತಿಗಳ ಪೀಠ.

2019ರಲ್ಲಿ ಒಂದು ಬೆಳಿಗ್ಗೆ ವಾದಿಯ ವಕೀಲರು ದಾನಮ್ಮ ತೀರ್ಪಿಗೆ, ಪ್ರತಿವಾದಿಯ ವಕೀಲರು ಫೂಲವತಿ ತೀರ್ಪಿಗೆ ಬಿಳಿ ಚೀಟಿ ಸಿಕ್ಕಿಸಿ ಕೊಟ್ಟರು. ಎರಡು ಪುಸ್ತಕಗಳನ್ನೂ ನಾನೇ ಸಾಹೇಬರ ಮೇಜಿನ ಮೇಲಿಟ್ಟೆ. ಹೊರಗೆ ಬಂದಾಗ ಆ ಹೆಣ್ಣುಮಗಳು "ಯಾವುದು ನಿಜ ಸಾರ್?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತೊಂದು ವರ್ಷದ ಕೆಲಸದಲ್ಲಿ ಆ ಮುಖವನ್ನು ಮಾತ್ರ ಮರೆತಿಲ್ಲ.

ಉತ್ತರ ಬಂದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ. ಆ ಎರಡಕ್ಕಿಂತ ದೊಡ್ಡದಾದ, ಮೂವರು ನ್ಯಾಯಮೂರ್ತಿಗಳ ಪೀಠ ಫೂಲವತಿ ತೀರ್ಪನ್ನು ತಳ್ಳಿಹಾಕಿತು. ದಾನಮ್ಮ ತೀರ್ಪಿನಲ್ಲೂ ತನಗೆ ಒಪ್ಪದ ಭಾಗವನ್ನು ಬದಿಗಿಟ್ಟಿತು. ಹಕ್ಕು ಮಗಳ ಹುಟ್ಟಿನಿಂದಲೇ ಬರುವಾಗ 2005ರಲ್ಲಿ ತಂದೆ ಬದುಕಿದ್ದರೇ ಎಂದು ಕೇಳುವ ಅಗತ್ಯವಿಲ್ಲ ಎಂಬುದೇ ಅದರ ಕಾರಣ. ಇಂದು ಎಲ್ಲರನ್ನೂ ಕಟ್ಟುವುದು ಅದು.

ನಿಮ್ಮ ಮದುವೆಯ ವರ್ಷವನ್ನು ಹಿಡಿದು ಹೆದರಿಸಿದರೂ ಅಂಜಬೇಡಿ. 1994ರ ಜುಲೈ 30ರಿಂದ ಜಾರಿಯಾದ ನಮ್ಮ ರಾಜ್ಯದ ತಿದ್ದುಪಡಿ, ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ.

ಇನ್ನು, 20-12-2004ಕ್ಕೆ ಮೊದಲು ನೋಂದಾಯಿತ ವಿಭಾಗ ಪತ್ರವೋ ನ್ಯಾಯಾಲಯದ ಡಿಕ್ರಿಯೋ ಆಗಿತ್ತೇ? ಆಗಿದ್ದರೆ ಮಾತು ಬೇರೆ, ಆ ದಿನಕ್ಕೆ ಮೊದಲೇ ಆದ ಇಂಥ ವಿಭಾಗವನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ.

ಮಲ್ಲೇಶ್ವರದ ವಕೀಲೆ:

ಹಿರಿಯರ ಮಾತಿಗೆ ಒಂದು ಸೇರಿಕೆ. ತೀರ್ಪಿನ ಮೇಲಿರುವ ಹೆಡ್‌ನೋಟ್ ಅನ್ನು ಓದಿ ನಿಲ್ಲಿಸಬೇಡಿ. ಅದು ವರದಿಗಾರರು ಬರೆದ ಸಾರಾಂಶ, ತೀರ್ಪಿನ ಭಾಗವಲ್ಲ. ಒಳಗೂ ನ್ಯಾಯಮೂರ್ತಿಗಳು ಪ್ರಸಂಗವಶಾತ್ ಆಡಿದ ಮಾತುಗಳಿರುತ್ತವೆ. ಅವುಗಳಿಗೆ ಗೌರವವುಂಟು, ನಿರ್ಣಯಕ್ಕೆ ಆಧಾರವಾದ ಕಾರಣಕ್ಕಿರುವ ಬಲವಿಲ್ಲ. ಇ-ಎಸ್‌ಸಿಆರ್ ತಾಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪುಗಳು ಉಚಿತವಾಗಿ ಸಿಗುತ್ತವೆ.

ಕೆಂಗೇರಿಯಿಂದ:

ನನ್ನ ತಂಗಿಯ ದಾವೆ 2016ರಲ್ಲಿ ಫೂಲವತಿ ತೀರ್ಪಿನ ಮೇಲೆ ವಜಾ ಆಯಿತು. ಅವಳು ಅಪೀಲು ಹೋಗಲಿಲ್ಲ. ಈಗ ಮತ್ತೆ ದಾವೆ ಹೂಡಬಹುದೇ?

ನಿವೃತ್ತ ಬೆಂಚ್ ಕ್ಲರ್ಕ್, ಹನುಮಂತನಗರ:

ಹೇಳಲು ನೋವಾಗುತ್ತದೆ. ಅಪೀಲಿಲ್ಲದೆ ಅಂತಿಮವಾದ ತೀರ್ಪು, ಮುಂದೆ ಕಾನೂನಿನ ವ್ಯಾಖ್ಯಾನ ಬದಲಾಯಿತೆಂದು ತಾನಾಗಿ ಬೀಳುವುದಿಲ್ಲ. ಅದೇ ಪಕ್ಷಗಾರರು ಅದೇ ಹಕ್ಕಿಗೆ ಮತ್ತೆ ದಾವೆ ತಂದರೆ ಹಳೆಯ ತೀರ್ಪೇ ಅಡ್ಡ ನಿಲ್ಲುತ್ತದೆ. ಆದರೂ ದಾಖಲೆಗಳನ್ನು ಒಮ್ಮೆ ಒಳ್ಳೆಯ ವಕೀಲರಿಗೆ ತೋರಿಸಿ.

ಯಲಹಂಕದ ಮಗಳು:

ಸರ್, ನೋಂದಾಯಿತ ಪತ್ರ ಯಾವುದೂ ಇಲ್ಲ. ಆದರೆ 1998ರಲ್ಲಿ ಊರಿನ ಹಿರಿಯರ ಮುಂದೆ ಬರೆದ ಪಾರೀಕತ್ತು, ಅಂದರೆ ಆಸ್ತಿ ಪಾಲು ಮಾಡಿದ ಕಾಗದ, ಇದೆ ಎಂದು ಅಣ್ಣ ಈಗ ಹೇಳುತ್ತಿದ್ದಾನೆ. ಜಮೀನೆಲ್ಲ ಆಗಲೇ ಅವನ ಪಾಲಿಗೆ ಬಂದಿತ್ತಂತೆ.

ನಿವೃತ್ತ ಬೆಂಚ್ ಕ್ಲರ್ಕ್, ಹನುಮಂತನಗರ:

ನೋಂದಣಿಯಾಗದ ಪಾರೀಕತ್ತನ್ನು ಸುಲಭವಾಗಿ ಒಪ್ಪುವಂತಿಲ್ಲ ಎಂದು ವಿನೀತಾ ಶರ್ಮಾ ತೀರ್ಪಿನಲ್ಲೇ ಇದೆ. ಬಾಯಿಮಾತಿನ ವಿಭಾಗವನ್ನು ಸರ್ಕಾರಿ ದಾಖಲೆಗಳು ಎತ್ತಿಹಿಡಿದರೆ ಮಾತ್ರ, ಅದೂ ಅಪರೂಪಕ್ಕೆ, ನ್ಯಾಯಾಲಯ ಪರಿಗಣಿಸಬಹುದು.

ನಿಮ್ಮ ಮೊದಲ ಪ್ರಶ್ನೆಯಲ್ಲೇ ನೀವೊಂದು ಮಾತು ಬರೆದಿದ್ದೀರಿ: ಅಣ್ಣ ಫವತಿ ಖಾತೆ ಮಾಡಿಸಿಕೊಂಡ ಎಂದು. ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಮಾಡುವುದು ಫವತಿ ಖಾತೆ. 1998ರಲ್ಲೇ ಜಮೀನು ಅವನ ಪಾಲಿಗೆ ಬಂದಿದ್ದರೆ, ತಂದೆಯ ಹೆಸರಿನಲ್ಲಿದ್ದ ಖಾತೆಗೆ ವಾರಸುದಾರನೆಂದು ಅರ್ಜಿ ಹಾಕಿದ್ದು ಏಕೆ? ದಾವೆ ಹೂಡುವ ಮೊದಲು ಆ ಅರ್ಜಿಯ, ಮ್ಯುಟೇಶನ್‌ನ ಮತ್ತು 1998ರಿಂದ 2001ರವರೆಗಿನ ಪಹಣಿಗಳ ದೃಢೀಕೃತ ನಕಲುಗಳನ್ನು ತೆಗೆಸಿಕೊಳ್ಳಿ.