ವರ್ಷವಿಡೀ ತಿರುಗಿದೆವು, ಈಗ ಕಿವಿಗೆ ಏನು ಮಾಡಲಿ, ಮನೆಗೆ ಏನು ಮಾಡಲಿ?

ಸೇಡಂ ರೋಡ್ ಅಕ್ಕ

ನಮಸ್ಕಾರ ರೀ ಎಲ್ಲರಿಗೂ. ನಾವು ಕಲಬುರಗಿಯವರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅಷ್ಟರಲ್ಲಿ ಗಾಣಗಾಪುರ, ಪಂಢರಪುರ, ತಿರುಪತಿ ಬಿಟ್ಟರೆ ಬೇರೆ ಊರಿಗೆ ಹೋದದ್ದೇ ಇಲ್ಲ. ಹೋದ ವರ್ಷ ಮಗಳು ಹಾಸ್ಟೆಲಿಗೆ ಹೋದಳು, ಇವರಿಗೆ ಐವತ್ತು ತುಂಬಿತು, ತಲೆಯಲ್ಲಿ ಅದೇನು ಹೊಕ್ಕಿತೋ, "ಸಮುದ್ರದೊಳಗೆ ಇಳಿದು ನೋಡಬೇಕು" ಅಂತ ಹಟ ಹಿಡಿದರು. ಭೀಮಾ ಹೊಳೆಯಲ್ಲಿ ಮೊಣಕಾಲ ತನಕ ಇಳಿದ ಮನುಷ್ಯ!

ನವೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಹೋದೆವು. ಹುಬ್ಬಳ್ಳಿ ತನಕ ರಾತ್ರಿ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಒಂದೂವರೆ ಗಂಟೆ, ಆ ಒಂದೂವರೆ ಗಂಟೆಯೂ ನಾನು ವಾಂತಿ ಮಾಡುತ್ತಲೇ ಇದ್ದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಈ ಡೈವಿಂಗ್‌ಗೆ ಈಜು ಬರದಿದ್ದರೂ ನಡೆಯುತ್ತದೆ, ಕಲಿಸುವವರು ಕೈ ಹಿಡಿದುಕೊಂಡೇ ಇರುತ್ತಾರೆ ಅಂದರು. ಇವರು ಸಲೀಸಾಗಿ ಇಳಿದರು. ನನಗೆ ಮೂರು ಮೀಟರ್ ಹೋಗುವಷ್ಟರಲ್ಲಿ ಎಡಗಿವಿಗೆ ದಬ್ಬಣ ಚುಚ್ಚಿದ ಹಾಗಾಯಿತು. ಮೇಲೆ ಬಂದುಬಿಟ್ಟೆ. ಇವರು ಮಾತ್ರ ಇವತ್ತಿಗೂ ಗಿಳಿಮೀನಿನ ಕಥೆ ಹೇಳುತ್ತಾರೆ, ಬಂದವರಿಗೆಲ್ಲ, ಹಾಲಿನವನಿಗೂ.

ಅತ್ತ ಮನೆಯಲ್ಲಿ ಆದದ್ದು ಕೇಳಿ. ನಮ್ಮ ಓಣಿಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಹೊರಡುವ ದಿನ ನೀರು ಬಂತಾ ನೋಡೋಣ ಅಂತ ಅಡುಗೆಮನೆಯ ನಳ ತಿರುಗಿಸಿದ್ದೇನೆ, ಬರಲಿಲ್ಲ, ತಿರುವಿ ಬಂದ್ ಮಾಡುವುದು ಮರೆತಿದ್ದೇನೆ. ಕೆಳಗೆ ಸಿಂಕಿನಲ್ಲಿ ಪಾತ್ರೆ ತೊಳೆಯುವ ನಾರು ಬಿದ್ದು ರಂಧ್ರ ಮುಚ್ಚಿತ್ತು. ವಾಪಸ್ ಬಂದಾಗ ಶಹಾಬಾದ್ ಪರಸಿಯ ಮೇಲೆ ಇನ್ನೂ ನೀರು ನಿಂತಿತ್ತು, ಮೂಲೆಯಲ್ಲಿದ್ದ ಜೋಳದ ಚೀಲ ತಳದಿಂದ ಮೊಳಕೆ ಒಡೆದಿತ್ತು. ನಾನು ಸುಮ್ನೆ ಹೊಸ್ತಿಲ ಮೇಲೆ ಕೂತೆ.

ಅದಕ್ಕೇ ಜನವರಿಯಲ್ಲಿ ಮುಂಬೈಗೆ ಹೊರಟಾಗ ಇವರು ನೀರು, ಕರೆಂಟು ಎಲ್ಲಾ ಬಂದ್ ಮಾಡಿ ಮೇನ್ ಸ್ವಿಚ್ಚನ್ನೇ ಇಳಿಸಿದರು. ಫ್ರಿಜ್ಜಿನಲ್ಲಿ ಮೊಸರು, ಹಿಟ್ಟು, ಅರ್ಧ ಕುಂಬಳಕಾಯಿ. ಒಂಬತ್ತು ದಿನ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

ಮುಂಬೈಯಲ್ಲಿ ಮಾತ್ರ ನನಗೆ ಬಹಳ ಖುಷಿಯಾಯಿತು. ಗೇಟ್‌ವೇ ಹತ್ತಿರದಿಂದ ಹಾಯಿದೋಣಿ ಹತ್ತಿದೆವು. ಇಂಜಿನ್ ಸದ್ದಿಲ್ಲ, ಹೊಗೆಯಿಲ್ಲ. ಎದುರುಗಾಳಿಗೆ ದೋಣಿ ನೆಟ್ಟಗೆ ಹೋಗುವುದಿಲ್ಲವಂತೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಹೋಗಿ ಹೋಗಿ ಮುಂದೆ ಸಾಗಬೇಕು, ಏರು ದಾರಿಯಲ್ಲಿ ತುಂಬಿದ ಬಂಡಿ ಹೊಡೆದ ಹಾಗೆ. ಪ್ರತಿ ಸಲ ತಿರುಗಿದಾಗಲೂ ಹಾಯಿಯ ಕೆಳಗಿನ ಉದ್ದ ಕೋಲು ಈ ಕಡೆಯಿಂದ ಆ ಕಡೆಗೆ ಬೀಸುತ್ತದೆ. "ತಲೆ ಬಗ್ಗಿಸಿ" ಅಂದರು. ನಾನು ಬಗ್ಗಿದೆ, ಇವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಗುಬುಟು ನಾಲ್ಕು ದಿನ ಇತ್ತು.

ಮಾರ್ಚ್‌ನಲ್ಲಿ ಅಂಡಮಾನ್, ಹ್ಯಾವ್‌ಲಾಕ್ ದ್ವೀಪ. ಈ ಸಲ ಬುದ್ಧಿ ಬಂದು ಬೀಗದ ಕೈ ಇವರ ಅಕ್ಕನ ಮಗನಿಗೆ ಕೊಟ್ಟೆವು. ಅವನು ಗೆಳೆಯರನ್ನು ಕರೆದುಕೊಂಡು ಬಂದು, ಬಿಸಿಲು ಅಂತ ಕೂಲರ್ ಹಾಕಿ, ನೀರು ತುಂಬಿಸದೆ ಪಂಪ್ ಓಡಿಸಿ ಸುಟ್ಟಿದ್ದಾನೆ.

ಈಗ ಇವರಿಗೆ ಬರುವ ಸೀಸನ್ನಿಗೆ ಪೂರ್ತಿ ಡೈವಿಂಗ್ ಕೋರ್ಸ್ ಮಾಡಬೇಕಂತೆ, ನಾನೂ ಬರಬೇಕಂತೆ. ನನ್ನ ಕಿವಿಗೆ ಇದು ಆಗುವ ಮಾತೇ? ಮತ್ತೆ ಮನೆ ಹೇಗೆ ಬಿಟ್ಟು ಹೋಗುತ್ತೀರಿ ನೀವೆಲ್ಲ?

ಬೀದರ್ ಮೀನು

ಅಕ್ಕಾ, ಜೋಳದ ಚೀಲದ ಕಥೆಗೆ ನಕ್ಕಿದ್ದಕ್ಕೆ ಕ್ಷಮಿಸಿ.

ನಿಮ್ಮ ಕಿವಿ ಕೆಟ್ಟಿದೆ ಅಂತ ಅನಿಸುವುದಿಲ್ಲ, ನೀವು ತಡ ಮಾಡಿದ್ದೀರಿ ಅನಿಸುತ್ತದೆ. ನೀರಿನಲ್ಲಿ ಪ್ರತಿ ಹತ್ತು ಮೀಟರಿಗೆ ನಮ್ಮ ಮೇಲಿನ ಗಾಳಿಯಷ್ಟೇ ಒತ್ತಡ ಸೇರುತ್ತಾ ಹೋಗುತ್ತದೆ. ಮೊದಲ ಹತ್ತು ಮೀಟರಿನಲ್ಲೇ ಒತ್ತಡ ಎರಡು ಪಟ್ಟು. ಕಿವಿಯೊಳಗಿನ ಗಾಳಿ ಜಾಸ್ತಿ ಕುಗ್ಗುವುದು ಅಲ್ಲೇ, ಅದಕ್ಕೇ ಮೂರು ಮೀಟರಿನಲ್ಲಿ ಚುಚ್ಚುತ್ತದೆ. ನೋವು ಬಂದ ಮೇಲೆ ಮೂಗು ಹಿಡಿದು ಊದಿದರೆ ದಾರಿ ಬಿಡುವುದಿಲ್ಲ. ನೀರಿನ ಮೇಲಿರುವಾಗಲೇ ಒಮ್ಮೆ, ಆಮೇಲೆ ಅರ್ಧ ಅರ್ಧ ಮೀಟರಿಗೆ ಮೆಲ್ಲಗೆ ಊದಬೇಕು, ಉಗುಳು ನುಂಗಬೇಕು, ತಲೆ ಮೇಲಿಟ್ಟು ಕಾಲು ಕೆಳಗೆ ಮಾಡಿ ಇಳಿಯಬೇಕು. ಬಿಡಲಿಲ್ಲವಾ, ಸ್ವಲ್ಪ ಮೇಲೆ ಬಂದು ಮತ್ತೆ ನೋಡಬೇಕು. ಜೋರಾಗಿ ಊದಬೇಡಿ, ಕಿವಿಗೇ ಪೆಟ್ಟು. ನೆಗಡಿ ಇದ್ದ ದಿನ ನೀರಿಗೆ ಇಳಿಯಲೇಬೇಡಿ, ದುಡ್ಡು ಹೋದರೂ ಪರವಾಗಿಲ್ಲ. ಆವತ್ತು ನೀವು ಮೇಲೆ ಬಂದದ್ದು ಸರಿಯೇ ಆಯಿತು. ಈಗಲೂ ಕಿವಿ ಕಟ್ಟಿದ ಹಾಗಿದ್ದರೆ, ಅಥವಾ ಕೇಳುವುದು ಕಮ್ಮಿಯಾಗಿದ್ದರೆ, ಮೊದಲು ಕಿವಿ ಡಾಕ್ಟರಿಗೆ ತೋರಿಸಿ.

ಕೋರ್ಸ್ ಬೇರೆ ವಿಷಯ. ನೀವು ನೇತ್ರಾಣಿಯಲ್ಲಿ ಮಾಡಿದ್ದು ಬರೀ ರುಚಿ ನೋಡುವ ಡೈವ್, ಅದರಲ್ಲಿ 12 ಮೀಟರಿಗಿಂತ ಕೆಳಗೆ ಬಿಡುವುದಿಲ್ಲ. ಓಪನ್ ವಾಟರ್ ಅನ್ನುವ ಕೋರ್ಸಿಗೆ ಸಮುದ್ರದಲ್ಲಿ ನಾಲ್ಕು ಡೈವ್ ಮಾಡಬೇಕು, ಆಮೇಲೆ 18 ಮೀಟರ್ ತನಕ ಹೋಗಬಹುದು. ಆದರೆ ಈಜು ಬೇಕೇ ಬೇಕು. 200 ಮೀಟರ್ ನಿಲ್ಲದೆ ಈಜಬೇಕು, ಹತ್ತು ನಿಮಿಷ ತೇಲಬೇಕು. ಅಣ್ಣಾವ್ರಿಗೆ ಈಜು ಬರುತ್ತದಾ? ಇಲ್ಲ ಅಂದರೆ ಈಗಲೇ ಕಲಿಯಲು ಹೇಳಿ. ನಾನು ಕಲಿತದ್ದು ಅಜ್ಜನ ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿ ದೂಡಿದ್ದರು. ಅದೇನು ಒಳ್ಳೆಯ ಪದ್ಧತಿ ಅಲ್ಲ ಬಿಡಿ.

ಒಂದು ಕೇಳಬೇಕಿತ್ತು, ಅಂಡಮಾನಿನಿಂದ ವಾಪಸ್ ವಿಮಾನ ಯಾವಾಗ ಹತ್ತಿದಿರಿ?

ಸೇಡಂ ರೋಡ್ ಅಕ್ಕ

ಅಯ್ಯೋ ಅದನ್ನು ಬರೆಯಲೇ ಇಲ್ಲ. ಇವರು ಎರಡು ದಿನ ಇಳಿದು, ಎರಡನೆಯ ದಿನ ಸಂಜೆಯೇ ವಿಮಾನ ಅಂತ ಟಿಕೆಟ್ ಮಾಡಿದ್ದರು. ಅಲ್ಲಿಯ ಹುಡುಗ ಟಿಕೆಟ್ ನೋಡಿ ಬೈದ. ಮರುದಿನಕ್ಕೆ ಬದಲಿಸಿದೆವು, ಆ ದುಡ್ಡಿನಲ್ಲಿ ಎರಡು ಕೂಲರ್ ಬರುತ್ತಿದ್ದವು.

ಬೀದರ್ ಮೀನು

ಆ ಹುಡುಗನಿಗೆ ಕೈ ಮುಗಿಯಿರಿ ಅಕ್ಕಾ. ಒಂದೇ ಡೈವ್ ಆದರೆ 12 ಗಂಟೆ, ಎರಡು ಮೂರು ಡೈವ್ ಆದರೆ ಕಮ್ಮಿ ಅಂದರೂ 18 ಗಂಟೆ ವಿಮಾನ ಹತ್ತಬಾರದು. ನೀರಿನೊಳಗೆ ಮೈಗೆ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಮೇಲೆ ಗಾಳಿಯ ಒತ್ತಡ ಕಮ್ಮಿ, ಸೋಡಾ ಬಾಟಲಿ ಮುಚ್ಚಳ ತೆಗೆದಂತೆ ಅದು ಮೈಯೊಳಗೇ ಗುಳ್ಳೆ ಕಟ್ಟುತ್ತದೆ.

ಯಾದಗಿರಿ ಕಾಕಾ

ಸಮುದ್ರದ ವಿಷಯ ನನಗೆ ಗೊತ್ತಿಲ್ಲ ತಂಗೀ, ಮನೆಯದು ಹೇಳುತ್ತೇನೆ. ನಾನು ನಿವೃತ್ತನಾದ ಮೇಲೆ ಮಕ್ಕಳ ಮನೆಗೆ ತಿರುಗುತ್ತಲೇ ಇದ್ದೇನೆ.

ನಳಗಳನ್ನು ಒಂದೊಂದಾಗಿ ನೋಡುತ್ತಾ ಕೂಡಬೇಡ. ರಸ್ತೆಯಿಂದ ಮನೆಗೆ ಬರುವ ಪೈಪಿಗೆ ಒಂದು ವಾಲ್ವ್ ಇರುತ್ತದೆ, ಅದನ್ನು ಬಂದ್ ಮಾಡು, ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿನದ್ದೂ ಬಂದ್ ಮಾಡು. ಫ್ರಿಜ್ಜು ಖಾಲಿ ಮಾಡಿ, ಒರೆಸಿ, ಬಾಗಿಲಿಗೆ ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದೇ ಇಡು. ಆಮೇಲೆ ಬೇಕಾದರೆ ಮೇನ್ ಇಳಿಸು. ಇನ್ವರ್ಟರ್ ಇದೆಯಾ? ಅದನ್ನು ಬೇರೆಯಾಗಿ ಬಂದ್ ಮಾಡಬೇಕು, ಇಲ್ಲದಿದ್ದರೆ ಮೇನ್ ಇಳಿಸಿದ ಕೂಡಲೇ ಕರೆಂಟು ಹೋಯಿತು ಅಂದುಕೊಂಡು ಬ್ಯಾಟರಿ ಪೂರ್ತಿ ಖಾಲಿಯಾಗುವ ತನಕ ದುಡಿಯುತ್ತದೆ. ನನ್ನದು ಹಾಗೇ ಹೋಯಿತು. ಕೂಲರಿನ ನೀರು ಚೆಲ್ಲಿ ಒಣಗಿಸು, ಸೊಳ್ಳೆ ಆಗುತ್ತವೆ. ಜೋಳ, ತೊಗರಿಬೇಳೆ ಡಬ್ಬಿಯಲ್ಲಿ, ಮಣೆಯ ಮೇಲೆ.

ಬೀಗದ ಕೈ ಹುಡುಗರಿಗೆ ಕೊಡಬೇಡ. ಎದುರು ಮನೆಯಲ್ಲಿ ವಯಸ್ಸಾದ ಹೆಣ್ಣುಮಗಳು ಇದ್ದರೆ ಅವರಿಗೆ ಕೊಡು, ದಿನಾ ಒಮ್ಮೆ ಬಾಗಿಲು ತೆರೆದು ನೋಡಿಯೇ ನೋಡುತ್ತಾರೆ. ಏನೇನು ಇದೆ ಅಂತಲೂ ನೋಡುತ್ತಾರೆ, ಅದು ಬೇರೆ ಮಾತು.

ಅಪ್ಪನ ಕೆರೆ ಫ್ಯಾನ್

ದೋಣಿ ಬೇಕಿದ್ದರೆ ನಮ್ಮ ಅಪ್ಪನ ಕೆರೆ ಇತ್ತಲ್ವಾ ಅಕ್ಕಾ, ಸಂಜೆಗೆ ಮನೆಗೆ ಬರಬಹುದಿತ್ತು, ನಳವೂ ಬಂದ್ ಮಾಡಬಹುದಿತ್ತು.

ಸೇಡಂ ರೋಡ್ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್ ರೀ. ಕಿವಿ ತೋರಿಸಿ ಬಂದೆ, ಪರದೆ ಚೆನ್ನಾಗಿದೆ ಅಂದರು. ಇವರು ಇವತ್ತಿನಿಂದ ಈಜಲು ಹೋಗುತ್ತಿದ್ದಾರೆ, ಮೊದಲ ದಿನ ಈಜುಕೊಳದ ಒಂದು ಉದ್ದವನ್ನೂ ಅರ್ಧಕ್ಕೇ ನಿಲ್ಲಿಸಿ ಗೋಡೆ ಹಿಡಿದುಕೊಂಡರಂತೆ. ನಾನು ಕೋರ್ಸಿಗೆ ಹೋಗುವುದಿಲ್ಲ, ಇವರು ನೀರಿನೊಳಗೆ ಇರುವಷ್ಟು ಹೊತ್ತು ಹಾಯಿದೋಣಿ ಕಲಿಸುವವರು ಸಿಕ್ಕರೆ ಅದನ್ನು ಕಲಿಯುತ್ತೇನೆ ಅಂತ ಹೇಳಿದ್ದೇನೆ.

ಕಾಕಾ, ರಸ್ತೆಯ ಪೈಪಿನ ವಾಲ್ವ್ ಹುಡುಕಿದೆ. ತುಕ್ಕು ಹಿಡಿದು ತಿರುಗುವುದೇ ಇಲ್ಲ. ಪ್ಲಂಬರ್ ನಾಳೆ ಬರುತ್ತೇನೆ ಅಂದಿದ್ದಾನೆ. ಅಂದದ್ದು ಹೋದ ಗುರುವಾರ.