ಮುಲುಂಡ್ ದಾಟಿದ ಮೇಲೆ ಮಳೆ ಯಾರದು?

ರಾತ್ರಿ ಶಾಲೆ ಹಳೆಯ ವಿದ್ಯಾರ್ಥಿಗಳು, ಮುಂಬಯಿ: ಗುಂಪಿನ ಮಾತುಕತೆ

ಶೆಟ್ಟಿ, ಘಾಟ್‌ಕೋಪರ್: ಮುಂಬಯಿ ಹವಾಮಾನ ಕ್ರಿಯಾ ಯೋಜನೆಯ ಪಿಡಿಎಫ್ ಹಾಕಿದ್ದೇನೆ, ಬಿಡುವಾದಾಗ ಓದಿ. 2022ರ ಮಾರ್ಚ್‌ನಲ್ಲಿ ಪಾಲಿಕೆ ಹೊರತಂದದ್ದು. ನಿವ್ವಳ ಶೂನ್ಯ ಇಂಗಾಲಕ್ಕೆ, ಅಂದರೆ ಉಗುಳಿದಷ್ಟನ್ನೂ ಹೀರಿಸಿಕೊಳ್ಳುವ ಸ್ಥಿತಿಗೆ, ದೇಶ 2070ರ ಗುರಿ ಇಟ್ಟುಕೊಂಡಿದೆ, ನಮ್ಮ ಊರು 2050 ಎಂದಿದೆ. ನನಗಂತೂ ಹೆಮ್ಮೆಯಾಯಿತು.

ಪೂಜಾರಿ, ಬದ್ಲಾಪುರ: ಶೆಟ್ಟರೇ, ನಕಾಶೆಗಳನ್ನು ನೋಡಿದಿರಾ? ಎಲ್ಲವೂ ಪಾಲಿಕೆಯ ಗಡಿಯಲ್ಲಿರುವ ಮುಲುಂಡ್‌ಗೆ, ದಹಿಸರ್‌ಗೆ ನಿಂತುಬಿಡುತ್ತವೆ. ನಾನು ಮೂವತ್ತು ವರ್ಷದಿಂದ ದುಡಿಯುವುದು ಮುಂಬಯಿಯಲ್ಲಿ, ಮಲಗುವುದು ಬದ್ಲಾಪುರದಲ್ಲಿ. "ನಮ್ಮ ಊರು" ಎಂದಾಗ ನಾನು ಅದರಲ್ಲಿ ಇದ್ದೇನೋ ಇಲ್ಲವೋ?

2019ರ ಜುಲೈ 27 ನೆನಪಿದೆಯಲ್ಲ. ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದ್ಲಾಪುರ ಮತ್ತು ವಾಂಗಣಿಯ ನಡುವೆ ನೀರಿನಲ್ಲಿ ನಿಂತಿತು, ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಯಲ್ಲಿ ಇಳಿಸಿಕೊಂಡರು. ಅದೇ ಉಲ್ಹಾಸ್ ನದಿ ನಮ್ಮ ನೆಲಮಹಡಿಗೂ ನುಗ್ಗಿತು. ಮಗಳು ಹತ್ತನೆಯ ತರಗತಿಯ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿದಳು. ಮೀಟರ್ ಪೆಟ್ಟಿಗೆಯ ಕೆಳಗೆ ನೀರು ನಿಂತ ಕಂದು ಗೆರೆ ಇದೆ. ಎರಡು ಸಲ ಸುಣ್ಣ ಬಳಿಸಿದೆ. ಪ್ರತಿ ಮಳೆಗಾಲದಲ್ಲೂ ಮತ್ತೆ ಮೂಡುತ್ತದೆ.

ವನಿತಾ, ಚೆಂಬೂರು: ಪೂಜಾರಿ ಅಣ್ಣ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಪಾಲಿಕೆ ತನ್ನ ಗಡಿಯಾಚೆಗೆ ಯೋಜನೆ ಬರೆಯುವುದಾದರೂ ಹೇಗೆ? 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಇಂಥದ್ದೊಂದು ಯೋಜನೆಯೇ ಇರಲಿಲ್ಲ. ಈಗ ಲೆಕ್ಕವಾದರೂ ಇದೆ: 2019ರಲ್ಲಿ ನಗರ ಉಗುಳಿದ್ದು ಸುಮಾರು 2.34 ಕೋಟಿ ಟನ್ ಹಸಿರುಮನೆ ಅನಿಲ, ಅದರಲ್ಲಿ ಶೇಕಡ 70ಕ್ಕೂ ಹೆಚ್ಚು ಮನೆ, ಅಂಗಡಿ, ಕಚೇರಿಗಳು ಬಳಸುವ ವಿದ್ಯುತ್ತು ಮತ್ತು ಇಂಧನದಿಂದ. 2024ರಲ್ಲಿ ಹವಾಮಾನಕ್ಕೆಂದೇ ಬಜೆಟ್ ವರದಿಯೂ ಬಂತು. ಇದನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕಬೇಡಿ.

ಶೆಟ್ಟಿ, ಘಾಟ್‌ಕೋಪರ್: ಹೌದು. ಕಳೆದ ವರ್ಷ ನಮ್ಮ ಹೋಟೆಲಿನ ಇದ್ದಿಲಿನ ತಂದೂರ್ ತೆಗೆಸಿ ವಿದ್ಯುತ್ತಿನದು ಹಾಕಿಸಿದೆ. ನಿಯಮ ಬಿಗಿಯಾದದ್ದಕ್ಕೇ ಹಾಕಿಸಿದೆ, ಇಲ್ಲದಿದ್ದರೆ ಮುಂದೂಡುತ್ತಲೇ ಇರುತ್ತಿದ್ದೆ.

ಪೂಜಾರಿ, ಬದ್ಲಾಪುರ: ನಿಮ್ಮ ತಂದೂರಿನ ವಿದ್ಯುತ್ತು ಎಲ್ಲಿಂದ ಬರುತ್ತದೆ ಶೆಟ್ಟರೇ? ಮುಂಬಯಿಗೆ ಡಹಾಣುವಿನಲ್ಲಿ ಕಲ್ಲಿದ್ದಲು ಸುಡುತ್ತಾರೆ, ಅದು ಪಾಲ್ಘರ್ ಜಿಲ್ಲೆ. ಅನ್ನ ಬೇಯುವ ನೀರು ಭಾತ್ಸಾ ಅಣೆಕಟ್ಟಿನದು, ಅದು ಥಾಣೆ ಜಿಲ್ಲೆಯ ಶಹಾಪುರ ತಾಲೂಕು. ಆ ತಾಲೂಕಿನ ಹಳ್ಳಿಗಳೇ ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತವೆ. ನೀರು, ವಿದ್ಯುತ್ತು ತರಿಸಿಕೊಳ್ಳುವಾಗ ಅಡ್ಡ ಬಾರದ ಗಡಿ ಯೋಜನೆ ಬರೆಯುವಾಗ ಏಕೆ ಬರುತ್ತದೆ? ವನಿತಾ, ನಾನು ಲೆಕ್ಕವನ್ನು ತಳ್ಳಿಹಾಕುತ್ತಿಲ್ಲ. ಅರ್ಧಕ್ಕೇ ನಿಲ್ಲಿಸಬೇಡಿ ಎನ್ನುತ್ತಿದ್ದೇನೆ.

ಮಾಸ್ತರರು, ಡೊಂಬಿವಲಿ: ಪೂಜಾರಿ, ಸಿಟ್ಟು ಸರಿ. ಏನಾಗಬೇಕು ಎಂಬುದನ್ನು ಹೇಳಪ್ಪ.

ಪೂಜಾರಿ, ಬದ್ಲಾಪುರ: ಹೇಳುತ್ತೇನೆ ಸರ್. ಮುಂಬಯಿ ಮತ್ತು ಸುತ್ತಲಿನ ಊರುಗಳು ಸೇರಿದ ಮಹಾನಗರ ಪ್ರದೇಶದಲ್ಲಿ ಒಂಬತ್ತು ಪಾಲಿಕೆಗಳಿವೆ. ಬದ್ಲಾಪುರ ಆ ಒಂಬತ್ತರಲ್ಲೂ ಇಲ್ಲ, ನಮ್ಮದು ನಗರ ಪರಿಷತ್ತು. ಥಾಣೆ ತನ್ನ ಬಿಸಿಲಿಗೆ ತಾನೇ ಯೋಜನೆ ಮಾಡಿಕೊಂಡಿತು, ಮುಂಬಯಿ ತನ್ನ ಮಳೆಗೆ. ಆದರೆ ಉಲ್ಹಾಸ್ ಕರ್ಜತ್ ಕಡೆಯಿಂದ ಬಂದು ನಮ್ಮನ್ನೂ ಕಲ್ಯಾಣವನ್ನೂ ಹಾದು ವಸಯಿ ಕೊಲ್ಲಿ ಸೇರುತ್ತದೆ. ನದಿಗೆ ಒಂದೇ ಯೋಜನೆ ಬೇಕು. ನೀಲಿ ಗೆರೆ, ಕೆಂಪು ಗೆರೆ ಎಂದು ನೆರೆಯ ಮಟ್ಟ ಗುರುತಿಸುತ್ತಾರಲ್ಲ, ಆ ಗೆರೆಗಳೊಳಗೆ ಕಟ್ಟಡ ಏಳದಂತೆ ಎಲ್ಲ ಊರುಗಳಿಗೂ ಒಂದೇ ಬಿಗಿ ಇರಬೇಕು. ಭಾತ್ಸಾದ ನೀರು ಕುಡಿಯುವವರ ತೆರಿಗೆಯಲ್ಲಿ ಶಹಾಪುರಕ್ಕೂ ಪಾಲು ಸಿಗಬೇಕು. ಇಡೀ ಪ್ರದೇಶಕ್ಕೆಂದು ಮುಂಬಯಿ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 1975ರಿಂದ ಇದೆ, ಹೊಸ ಕಚೇರಿ ತೆರೆಯಬೇಕಾಗಿಲ್ಲ.

ವನಿತಾ, ಚೆಂಬೂರು: ಪ್ರಾಧಿಕಾರದ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ ಅಣ್ಣ. ಅಲ್ಲಿ ಕೂತವರಿಗೆ ನೀವೂ ಮತ ಹಾಕಿಲ್ಲ, ನಾನೂ ಹಾಕಿಲ್ಲ. ಮುಂಬಯಿಯಲ್ಲೇ ಏನಾಯಿತು ನೋಡಿ: ನಗರಸೇವಕರ, ಅಂದರೆ ಪಾಲಿಕೆಯ ಚುನಾಯಿತ ಸದಸ್ಯರ, ಅವಧಿ ಮುಗಿದದ್ದು 2022ರ ಮಾರ್ಚ್ 7ರಂದು, ಯೋಜನೆ ಬಿಡುಗಡೆಯಾದದ್ದು 13ರಂದು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಎಲ್ಲವನ್ನೂ ನಡೆಸಿದರು. ಮೋರಿ ಕಟ್ಟಿಕೊಂಡರೆ ಯಾರ ಮನೆ ಬಾಗಿಲು ತಟ್ಟಬೇಕು ಎಂದು ನಮ್ಮ ಚಾಳಿನವರಿಗೆ ತಿಳಿಯಲಿಲ್ಲ. ನದಿಗೆ ಒಂದೇ ಯೋಜನೆ ಇರಲಿ. ಅದರ ಮೇಲೆ ಪ್ರತಿ ಊರಿನ ಚುನಾಯಿತರು ಕೂರಲಿ, ಬದ್ಲಾಪುರದವರೂ ಶಹಾಪುರದವರೂ.

ಪೂಜಾರಿ, ಬದ್ಲಾಪುರ: ಅದಕ್ಕೆ ನನ್ನ ಒಪ್ಪಿಗೆ ಇದೆ.

ಮಾಸ್ತರರು, ಡೊಂಬಿವಲಿ: ಹಾಗಾದರೆ ಬರೆದು ಕೊಡೋಣ. ವನಿತಾ, ನಿನ್ನ ಮರಾಠಿ ಚೆನ್ನಾಗಿದೆ, ಮನವಿಯ ಕರಡು ನೀನು ಮಾಡು. ಪೂಜಾರಿ, ನಿನ್ನ ಮನೆಯ ಆ ಕಂದು ಗೆರೆಯ ಎತ್ತರ ಅಳೆದು ಹಾಕು.

ಪೂಜಾರಿ, ಬದ್ಲಾಪುರ: ಅಳೆದೆ ಸರ್. ನೆಲದಿಂದ ನಾಲ್ಕು ಅಡಿ ಎರಡು ಇಂಚು. ಟೇಪ್ ಹಿಡಿದದ್ದು ಮಗಳು. ಫೋಟೊ ಹಾಕಿದ್ದೇನೆ.